ಖಾಲಿ ಉಳಿದ ಚೌಕ

“ಮತ್ತೆ ಲೈಬ್ರರಿನಾ?”

ಮಾಯಾ ಕಾರಿನ ಕೀ ತೆಗೆದುಕೊಳ್ಳುವಷ್ಟರಲ್ಲಿ ಅಮ್ಮ ಶೈಲಜಾ ಅಡುಗೆಮನೆಯ ಬಾಗಿಲಿಗೆ ಬಂದಾಗಿತ್ತು.

“ವಾಲಂಟಿಯರ್ ಮಾಡ್ತಿದೀನಿ ಅಂದ್ನಲ್ಲಮ್ಮ. ವಯಸ್ಸಾದವ್ರಿಗೆ ಕಂಪ್ಯೂಟರ್ ಹೇಳ್ಕೊಡೋದು.”

“ಗೊತ್ತು. ಸ್ಪ್ಯಾನಿಷ್ ಜನರ ವಂಶಾವಳಿ. ಬೇರೆಯವ್ರ ಮನೆತನ ಕೆದಕಿ ನಮಗೇನಾಗ್ಬೇಕು ಹೇಳು?” ಶೈಲಜಾ ಕೈಯಲ್ಲಿದ್ದ ಸೌಟನ್ನು ಸುಮ್ಮನೆ ಒರೆಸಿದಳು. “ಮುಂದಿನ ಶನಿವಾರ ಮಾರ್ಚ್ ಒಂಬತ್ತು, ನಿನ್ನ ಬರ್ತ್‌ಡೇ. ಗುರುದತ್ ಅಂಕಲ್ ಫ್ಯಾಮಿಲಿನ ಊಟಕ್ಕೆ ಕರ್ದಿದೀನಿ. ಆವತ್ತೂ ಹೋಗ್ತೀನಿ ಅನ್ಬೇಡ.”

“ಇಲ್ಲ. ಇವತ್ತೇ ಕೊನೇ ಕ್ಲಾಸು.”

“ನನ್ನಾಣೆ?”

“ನಿನ್ನಾಣೆ.”

ಅಪ್ಪ ಶೇಷಾದ್ರಿ ಕೋವಿಡ್‌ನಲ್ಲಿ ತೀರಿಕೊಂಡ ವರ್ಷವೇ ಮಾಯಾ ಹೈಸ್ಕೂಲು ಮುಗಿಸಿದಳು. ಆಮೇಲೆ ಅಟ್ಲಾಂಟಾ ಪಕ್ಕದ ಆಲ್ಫರೆಟಾದ ಅಷ್ಟು ದೊಡ್ಡ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಅಮ್ಮನ ಫೋನಿನ ನಕ್ಷೆಯಲ್ಲಿ ಮಾಯಾ ಒಂದು ನೀಲಿ ಚುಕ್ಕೆ. ಚುಕ್ಕೆ ಎಲ್ಲಾದರೂ ಹೆಚ್ಚು ಹೊತ್ತು ನಿಂತರೆ ಫೋನು ಬರುತ್ತದೆ. ಅದು ಓಡಾಡುವುದು ಇಂಡಿಯನ್ ಅಂಗಡಿಗೆ, ದೇವಸ್ಥಾನಕ್ಕೆ, ಮನೆಗೆ. ಈ ಚಳಿಗಾಲದಲ್ಲಿ ಹೊಸದಾಗಿ ಸೇರಿದ್ದು ಲೈಬ್ರರಿ ಒಂದೇ.

ಕಿಟಕಿ ಪಕ್ಕದ ಮೇಜಿನಲ್ಲಿ ಎಲ್ವಿರಾ ಪಾಚೆಕೊ ಆಗಲೇ ಕಾದಿದ್ದರು.

“ಬಾ, ಮಿಹಾ.” ಮಿಹಾ ಎಂದರೆ ಮಗಳೇ. ಲೈಬ್ರರಿಯ ಗುಡಿಸುವವಳಿಂದ ಹಿಡಿದು ಎಲ್ಲ ಹುಡುಗಿಯರೂ ಆ ಮುದುಕಿಗೆ ಮಿಹಾನೇ; ಅವರು ಎಲ್ಲರಿಗೂ ದೋನ್ಯಾ, ಅಂದರೆ ಅಮ್ಮನವರು. “ಇವತ್ತು ಮುಗಿಸಲೇಬೇಕು. ಮಂಗಳವಾರ ನನ್ನ ವಿಮಾನ.”

ಅವರು ಪೋರ್ಟೊ ರಿಕೊಗೆ, ತಂಗಿಯ ಮನೆಗೆ, ಹಿಂತಿರುಗಿ ಬಾರದ ಹಾಗೆ ಹೊರಟಿದ್ದರು. ಬೆರಳು ನಡುಗುವುದರಿಂದ ಟೈಪ್ ಮಾಡಲಾಗುತ್ತಿರಲಿಲ್ಲ. ಅಲ್ಲಿ ಮಾಡಿಕೊಡುವವರೂ ಇಲ್ಲ. ವಂಶವೃಕ್ಷವನ್ನು ಇಂಟರ್ನೆಟ್ಟಿಗೆ ಹಾಕಬೇಕೆಂಬ ಈ ಹಟ ತಮಗಾಗಿ ಅಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಅವರ ಮಗ ಹೆಕ್ಟರ್‌ಗೆ ಒಂದು ಹೆಣ್ಣು ಕೂಸಾಗಿತ್ತು. ಕೂಸಿನ ತಾಯಿ ಅದನ್ನು ಯಾರಿಗೋ ದತ್ತು ಕೊಟ್ಟುಬಿಟ್ಟಳು. ಹೆಕ್ಟರ್ ಈಗಿಲ್ಲ.

“ಅವಳು ಎಂದಾದರೂ ಹುಡುಕಿದರೆ ನಾವು ಸಿಗಬೇಕು. ನನ್ನಿಂದ ಆಗೋದು ಅಷ್ಟೇ.”

ಆ ಅಷ್ಟಕ್ಕೇ ಚಳಿಗಾಲವೆಲ್ಲ ಹಿಡಿದಿತ್ತು. ಮಾಯಾ ಮೊದಲು ಕಟ್ಟಿದ ಮರವಿಡೀ ತಪ್ಪು. ಗಂಡ ಹೆಂಡತಿ ಅಪರಿಚಿತರಂತೆ ಬೇರೆ ಬೇರೆ ಕೊಂಬೆಗಳಲ್ಲಿದ್ದರು. ಅಣ್ಣತಮ್ಮಂದಿರು ಅತ್ತೆ ಮಕ್ಕಳಾಗಿದ್ದರು. ಎಲ್ವಿರಾ ತಮ್ಮ ಮಗನಿಗೇ ಏನೂ ಆಗಬೇಕಿರಲಿಲ್ಲ. ಲೈಬ್ರರಿಯಲ್ಲಿ ವಂಶಾವಳಿಯ ಪಾಠ ಹೇಳುವ ಮಿಸೆಸ್ ಕಿನ್ಯೋನೆಸ್ ಅದನ್ನು ನೋಡಿ ತಲೆ ಚಚ್ಚಿಕೊಂಡಿದ್ದರು.

“ಎಲ್ಲರಿಗೂ ಕೊನೆಯ ಹೆಸರನ್ನೇ ಮನೆತನ ಅಂತ ಹಾಕಿದ್ದೀಯಲ್ಲ!”

“ನಮ್ಮಲ್ಲಿ ಕೊನೆಗೆ ಬರೋದು ಅಪ್ಪನ ಹೆಸರು,” ಮಾಯಾ ತಲೆಯೆತ್ತದೆ ಹೇಳಿದ್ದಳು. “ನಾನು ಮಾಯಾ ಶೇಷಾದ್ರಿ.”

“ನಮ್ಮಲ್ಲಿ ಕೊನೆಗೆ ಬರೋದು ತಾಯಿಯ ಮನೆತನ. ಅಪ್ಪನದು ಅದಕ್ಕೂ ಮೊದಲು. ಮದುವೆಯಾದರೂ ಹೆಂಗಸರು ಹೆಸರು ಬದಲಾಯಿಸೋದಿಲ್ಲ. ಎಲ್ಲಿ, ನಿನಗೆ ಗೊತ್ತಿರೋ ನಮ್ಮವರ ಹೆಸರೊಂದು ಹೇಳು.”

“ಮಾಲ್ಡೊನಾಡೊ.”

“ಅಯ್ಯೋ, ನಮ್ಮೂರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ಮಾಲ್ಡೊನಾಡೊನ ತಲೆಗೇ ಬೀಳುತ್ತೆ! ಅದು ಕೊನೆಯಲ್ಲಿದ್ದರೆ ಅದನ್ನಷ್ಟೇ ಹಿಡಿದು ಹೊರಡಬೇಡ. ಅಪ್ಪನ ಕಡೆಯವರು ಈ ಜನ್ಮದಲ್ಲಿ ಸಿಗೋದಿಲ್ಲ. ಹೀಗೆ ಎಷ್ಟು ಕಾಲ ಹಾಳು ಮಾಡಿಕೊಂಡೆ?”

“ಮೂರು ವರ್ಷ.”

ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಪಾಠ ಶುರುವಾಗಿದ್ದೇ ಜನವರಿಯಲ್ಲಿ.

ಅಂದಿನಿಂದ ಅವಳು ಒಂದೊಂದೇ ಹೆಸರನ್ನು ಕಿತ್ತು ಮತ್ತೆ ನೆಟ್ಟಿದ್ದಳು. ಈಗ ಮರ ನೆಟ್ಟಗೆ ನಿಂತಿತ್ತು. ಹೆಕ್ಟರ್ ರೆಯೆಸ್ ಪಾಚೆಕೊ ಎಂಬ ಹೆಸರಿನ ಕೆಳಗೆ ಒಂದೇ ಒಂದು ಚೌಕ ಖಾಲಿ ಇತ್ತು. ಅದನ್ನು ಕೊನೆಗೆ ತುಂಬೋಣ ಎಂದು ಎಲ್ವಿರಾ ಪ್ರತಿ ವಾರ ಮುಂದೂಡುತ್ತ ಬಂದಿದ್ದರು.

ಮೇಜಿನ ಮೇಲೆ ಫೋನು ಗುಂಯ್ಗುಟ್ಟಿತು. ಅಮ್ಮ.

“ತೆಗಿ, ಮಿಹಾ. ತಾಯಂದಿರನ್ನು ಕಾಯಿಸಬಾರದು.”

“ಈಗ ಹೊರಡ್ತೀನಿ” ಎಂದು ಮೆಸೇಜು ಕಳಿಸಿ ಮಾಯಾ ಫೋನನ್ನು ಬೋರಲು ಹಾಕಿದಳು.

“ಕೂಸಿನ ಹೆಸರು?”

ಎಲ್ವಿರಾ ಕನ್ನಡಕ ತೆಗೆದರು. “ಲುಸಿಯಾ. ಲುಸಿಯಾ ರೆಯೆಸ್ ಮಾಲ್ಡೊನಾಡೊ.”

ಮಾಯಾಳ ಬೆರಳು ಕೀಬೋರ್ಡಿನ ಮೇಲೆಯೇ ನಿಂತವು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿಗಳನ್ನು ಒಳಗೆ ತಳ್ಳುತ್ತಿದ್ದರು.

“ಯಾರು ತಗೊಂಡು ಹೋದ್ರು ಅಂತ ಗೊತ್ತಿಲ್ವಾ?”

“ಒಳ್ಳೆಯ ಜನ ಅಂದರು. ಇದೇ ಅಟ್ಲಾಂಟಾ ಕಡೆಯವರು ಅಂದರು. ಅಷ್ಟೇ.” ಅವರು ಸೆರಗಿಲ್ಲದ ಹೆಂಗಸರು ಒರೆಸುವ ಹಾಗೆ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡರು. “ಎಲ್ಲಾದರೂ ಎದುರಿಗೆ ಬಂದರೂ ನನಗೆ ಗುರುತು ಸಿಗೋದಿಲ್ಲ.”

ಮಾಯಾ ಹೆಸರು ಹೊಡೆದಳು. ಒಂದೊಂದೇ ಅಕ್ಷರ, ಎಂದೂ ಟೈಪ್ ಮಾಡದವಳ ಹಾಗೆ.

“ಬದುಕಿದ್ದಾಳಾ ಅಂತ ಕೇಳ್ತಿದೆ, ದೋನ್ಯಾ ಎಲ್ವಿರಾ.”

“ದೇವರಿಗೇ ಗೊತ್ತು. ಅದನ್ನ ಹಾಗೇ ಬಿಡು.”

ಬಿಡಲಿಲ್ಲ. “ಬದುಕಿದ್ದಾಳೆ” ಎಂಬುದನ್ನು ಒತ್ತಿದಳು. ಕೆಳಗೆ ಇನ್ನೊಂದು ಚೌಕ ತೆರೆಯಿತು. ಅದನ್ನೂ ತುಂಬಿದಳು: ಮಾರ್ಚ್ 9, 2003. ಬೋರಲು ಬಿದ್ದಿದ್ದ ಫೋನು ಮತ್ತೆ ಗುಂಯ್ಗುಟ್ಟುತ್ತ ಮೇಜಿನ ಅಂಚಿನತ್ತ ಸರಿಯಿತು. ಮಾಯಾ ಅದನ್ನು ಮುಟ್ಟಲಿಲ್ಲ, ಪರದೆಯಿಂದ ಕಣ್ಣನ್ನೂ ತೆಗೆಯಲಿಲ್ಲ.

ಎಲ್ವಿರಾ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಪರದೆಯನ್ನು ಬಿಟ್ಟು ಅವಳ ಮುಖವನ್ನು ನೋಡಿದರು.

“ಆ ತಾರೀಖನ್ನ ನಾನು ಹೇಳಲೇ ಇಲ್ಲವಲ್ಲ, ಮಿಹಾ.”