ಎರಡು ನಿಮಿಷದ ಶಿಕ್ಷೆ

ಹದಿನೇಳನೇ ನಂಬರಿನ ಮುಯೊಲ್ ಮತ್ತೆ ಬೇಕೆಂದೇ ಕೋಲು ಅಡ್ಡ ಹಾಕಿದ. ಕುಶಿರೊ ತಂಡದ ಆಟಗಾರ ಮಂಜುಗಡ್ಡೆಯ ಮೇಲೆ ಮುಗ್ಗರಿಸಿ ಬಿದ್ದ. ಆಟದ ಬಿಲ್ಲೆ, ಪಕ್, ಇದ್ದದ್ದು ಅಂಕಣದ ಇನ್ನೊಂದು ತುದಿಯಲ್ಲಿ. ಬಿದ್ದವನನ್ನು ಮುಯೊಲೇ ಕೈಹಿಡಿದು ಎಬ್ಬಿಸಿದ. ಛಾವಣಿಯ ಕ್ಯಾಮೆರಾಗಳು ತೀರ್ಪು ಕೊಡುವ ಮೊದಲೇ ಅವನು ತಪ್ಪು ಮಾಡಿದವರನ್ನು ಕೂರಿಸುವ ಶಿಕ್ಷೆಯ ಪೆಟ್ಟಿಗೆಯತ್ತ ಜಾರಿಕೊಂಡು ಹೊರಟಿದ್ದ.

ಕೋಚ್ ನಾಮ್‌ಗುಂಗ್ ಹಲ್ಲು ಕಡಿದ. ಇನ್ನು ಎರಡು ನಿಮಿಷ ಅವನ ಕೊರಿಯಾದ ಗಂಗ್‌ನುಂಗ್ ತಂಡ ಒಬ್ಬನಿಲ್ಲದೆ ಆಡಬೇಕು. ಈ ಪಂದ್ಯ ಸೋತರೆ ಮೂರು ದೇಶಗಳ ಐಸ್ ಹಾಕಿ ಲೀಗ್‌ನಲ್ಲಿ ಅವರ ಈ ವರ್ಷದ ಕಥೆ ಮುಗಿದಂತೆ.

2051ರ ಆ ಋತುವಿನಲ್ಲಿ ಮುಯೊಲ್‌ಗೆ ಹದಿಮೂರು ಸಲ ಶಿಕ್ಷೆಯಾಗಿತ್ತು. ಸಿಯೋಲ್‌ನಲ್ಲಿ ಒಂದೂ ಇಲ್ಲ, ಉಲಾನ್‌ಬಾತರ್‌ನಲ್ಲಿ ಒಂದೂ ಇಲ್ಲ. ಹದಿಮೂರೂ ಇಲ್ಲೇ, ಜಪಾನಿನ ಈ ಕುಶಿರೊದಲ್ಲಿ, ಅವನು ಹುಟ್ಟಿ ಬೆಳೆದ ಊರಿನಲ್ಲಿ. ಆರು ವರ್ಷದ ಹಿಂದೆ ಅವನು ಜಪಾನಿನ ಪೌರತ್ವ ಬಿಟ್ಟು, ಹೆಸರನ್ನೂ ಬದಲಿಸಿಕೊಂಡು ಕೊರಿಯಾದವನಾಗಿದ್ದ. ಆದದ್ದು ಬರೀ ಕಾಗದದ ಮೇಲೆಯೇ ಎಂದು ನಾಮ್‌ಗುಂಗ್‌ಗೆ ಈಚೆಗೆ ಅನ್ನಿಸತೊಡಗಿತ್ತು. ಹಾಗನ್ನಿಸಿದ್ದಕ್ಕೆ ಸಂಕಟವೂ ಆಗುತ್ತಿತ್ತು. ಅವನನ್ನು ಹುಡುಕಿ ತಂದವನು, ಮಗನಂತೆ ಬೆಳೆಸಿದವನು ತಾನೇ.

ಗಾಜಿನ ಪೆಟ್ಟಿಗೆಯೊಳಗೆ ಉಣ್ಣೆ ಟೋಪಿಯ ಮುದುಕನೊಬ್ಬ ಕುಳಿತಿದ್ದ. ಶಿಕ್ಷೆಯಾದವನನ್ನು ಒಳಗೆ ಬಿಡುವುದು, ಹೊತ್ತಾದಾಗ ಹೊರಗೆ ಬಿಡುವುದು, ಇಷ್ಟೇ ಅವನ ಕೆಲಸ. ಕುಶಿರೊದವನೇ. ಮುಯೊಲ್ ಅವನ ಪಕ್ಕ ಕುಳಿತು, ಕಣ್ಣು ಆಟದ ಮೇಲಿಟ್ಟು, ಒಂದೇ ಸಮನೆ ತುಟಿ ಆಡಿಸುತ್ತಿದ್ದ. ಮುದುಕ ತಿರುಗಿಯೂ ನೋಡಲಿಲ್ಲ. ಟೋಪಿಯನ್ನು ಮಾತ್ರ ಕಿವಿಯಿಂದ ಮೇಲಕ್ಕೆ ಸರಿಸಿಕೊಂಡ.

ನಾಮ್‌ಗುಂಗ್ ಬುದ್ಧಿವಂತ, ಅದೇ ಅವನ ತೊಂದರೆ. ತಂಡದ ಗುಟ್ಟು ದಾಟುವ ದಾರಿ ಇದೇ ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿತು. ಎರಡು ನಿಮಿಷ ಮುಗಿಯಲು ಹತ್ತು ಸೆಕೆಂಡ್ ಇರುವಾಗ ಕುಶಿರೊ ಗೋಲು ಹೊಡೆದು ಸಮ ಮಾಡಿಕೊಂಡಿತು.

ಎರಡನೆಯ ವಿರಾಮದಲ್ಲಿ ಅವನು ಮುಯೊಲ್‌ನನ್ನು ಗೋಡೆಗೆ ಒತ್ತಿ ನಿಲ್ಲಿಸಿದ.

“ಅನ್ನ ನಮ್ದು, ನಿಯತ್ತು ಅವರಿಗೇನೋ? ಆ ಮುದುಕನ ಕಿವೀಲಿ ಏನು ಊದ್ತಿದ್ದೆ?”

“ಆಟದ ವಿಷಯ ಅಲ್ಲ ಸಾರ್.”

“ಮತ್ತೇನು, ಮಳೆ ಬೆಳೆ ವಿಚಾರಿಸ್ತಿದ್ಯಾ?”

“ಹೇಳಿದ್ರೆ ಇನ್ನೊಬ್ರ ಕೆಲಸ ಹೋಗುತ್ತೆ. ಬೇಕಾದ್ರೆ ನಾಳೆ ನನ್ನ ತೆಗೆದುಹಾಕಿ. ಇವತ್ತೊಂದು ದಿನ ಆಡ್ಸಿ ಸಾರ್, ಕಾಲಿಗೆ ಬೀಳ್ತೀನಿ. ಇವತ್ತು ಮೊದಲ್ನೇ ಸಲ ಅವರು ‘ಹ್ಞೂಂ’ ಅಂದಿದಾರೆ.”

“ಓಹೋ! ವ್ಯವಹಾರ ಕುದುರಿತು ಅನ್ನು.”

ನಾಮ್‌ಗುಂಗ್ ಅಲ್ಲೇ ನಿಂತು ಲೀಗಿಗೆ ದೂರು ಕಳಿಸಿದ. ತಂಡಕ್ಕೆ ದ್ರೋಹವೆಂದು ಕೋಚ್ ಬರೆದುಕೊಟ್ಟರೆ ಆಟಗಾರ ಆ ಗಳಿಗೆಯಿಂದ ಯಾವ ಅಂಕಣಕ್ಕೂ ಕಾಲಿಡುವಂತಿಲ್ಲ. ಕಳಿಸಿದ ದೂರನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಐದು ನಿಮಿಷದಲ್ಲಿ ಇಬ್ಬರು ಕಾವಲುಗಾರರು ಬಂದು ಮುಯೊಲ್‌ನನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದರು. ಹೋಗುವಾಗ ಅವನು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ.

ಮೂರನೆಯ ಭಾಗದಲ್ಲಿ ಗಂಗ್‌ನುಂಗ್‌ನ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಪಂದ್ಯವನ್ನು ಅವರೇ ಗೆದ್ದರು.

ಹುಡುಗರೆಲ್ಲ ಕುಣಿಯುತ್ತಿದ್ದಾಗ ಮುದುಕ ಟೋಪಿ ಕೈಯಲ್ಲಿ ಹಿಡಿದು ನಾಮ್‌ಗುಂಗ್ ಎದುರು ಬಂದು ನಿಂತ. ಜಪಾನಿನಲ್ಲಿ ಹತ್ತು ವರ್ಷ ಆಡಿದ್ದ ನಾಮ್‌ಗುಂಗ್‌ಗೆ ಅಲ್ಲಿಯ ಮಾತು ನೀರು ಕುಡಿದಷ್ಟು ಸಲೀಸು.

“ಹದಿನೇಳನೇ ನಂಬರಿನವನು ಆಮೇಲೆ ಬರ್ಲೇ ಇಲ್ವಲ್ಲ ಸ್ವಾಮಿ. ಪೆಟ್ಟಾಯ್ತಾ?”

“ಇನ್ಯಾವತ್ತೂ ಬರಲ್ಲ ತಾತ. ನಿನ್ನ ಅಂಗಡಿ ಮುಚ್ಚಿಸಿದೀನಿ.”

ಮುದುಕನಿಗೆ ಏನೊಂದೂ ಅರ್ಥವಾಗಲಿಲ್ಲ.

“ಇನ್ನೊಂದ್ಸಲ ಒಳಗೆ ಬರ್ಲಿ, ಹೇಳೋಣ ಅಂತ ಕಾಯ್ತಿದ್ದೆ. ರಾತ್ರಿ ಊಟಕ್ಕೆ ಬಾ ಅಂತ.”

“ಊಟಕ್ಕಾ? ನಿಂಗೂ ಅವನಿಗೂ ಏನು ಸಂಬಂಧ?”

“ದೇಶ ಬಿಟ್ಟ ಅಂತ ಮನೆ ಬಾಗಿಲು ಹಾಕ್ದೆ ಸ್ವಾಮಿ. ಆರು ವರ್ಷ ತಟ್ಟಿದ, ತೆಗೀಲಿಲ್ಲ ನಾನು. ಇಲ್ಲಿ ತೆಗೀಲೇಬೇಕಲ್ಲ, ಡ್ಯೂಟಿ. ಅದಕ್ಕೇ ಬೇಕಂತ ತಪ್ಪು ಮಾಡಿ ಮಾಡಿ ಒಳಗೆ ಬರ್ತಿದ್ದ, ನನ್ನ ಮಗ.”