ಚೊಕ್ಕ ಮೇಜು

ಗ್ರಂಥಾಲಯದ ಮೂಲೆ ಕೋಣೆಯ ನಾಲ್ಕು ಕಪಾಟಿನ ಪುಸ್ತಕಗಳನ್ನು ಯಾರೂ ಓದುವುದಿಲ್ಲವೆಂದು ಸೋಮವಾರ ರದ್ದಿ ಲಾರಿಗೆ ತುಂಬಿ ಕಳಿಸಿದರು. ಉಳಿದ ಎರಡು ಕಪಾಟಿಗೆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಲಾರಿ ಬರುವುದಿತ್ತು.

ಗುರುವಾರ ಬೆಳಿಗ್ಗೆ ಗ್ರಂಥಾಲಯದ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ಯಾವ ಕಪಾಟಿನ ಪುಸ್ತಕ ಎಷ್ಟು ಓದುತ್ತಾರೆಂದು ತೋರಿಸುವ, ತಾನು ವಿನ್ಯಾಸ ಮಾಡಿದ ಹೊಸ ಡ್ಯಾಶ್‌ಬೋರ್ಡ್ ಉಪಯೋಗಕ್ಕೆ ಬರುತ್ತಿದೆಯೇ ಎಂದು ವಿಚಾರಿಸಲು ಬಂದಿದ್ದಳು. ಮೇಲಿನ ಮಹಡಿಯಲ್ಲಿ ಮುಖ್ಯಸ್ಥರು ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು. ಮೊದಲು ಹತ್ತು ರಿಜಿಸ್ಟರು ತಿರುವಬೇಕಿತ್ತು, ಈಗ ಒಂದೇ ಪರದೆ. ಓಡುವ ಕಪಾಟು ಹಸಿರು, ಕುಂಟುವ ಕಪಾಟು ಹಳದಿ, ಮೂರು ವರ್ಷ ಅಲುಗಾಡದ್ದು ಕೆಂಪು. ಹಾಲು ಕುಡಿಯುವ ಮಗುವಿಗೂ ತಿಳಿಯುತ್ತದೆ ಎಂದರು. ಹುಡುಗಿ ಹಿಗ್ಗಿದಳು. ಆ ಕೆಂಪು ಕಪಾಟುಗಳನ್ನು ಒಮ್ಮೆ ಕಣ್ಣಾರೆ ನೋಡೋಣವೆಂದು ಕೆಳಗಿಳಿದಳು.

ಮೂಲೆ ಕೋಣೆಯಲ್ಲಿ ಅಕ್ಕ ಖಾಲಿ ಕಪಾಟು ಒರೆಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಪುಸ್ತಕ ಜೋಡಿಸುವವಳು, ಎಲ್ಲರಿಗೂ ಅಕ್ಕನೇ. ಸೋಮವಾರ ಮುಖ್ಯಸ್ಥರು ಹೇಳಿದ್ದಕ್ಕೆ ತಲೆಯಾಡಿಸಿ ಅಷ್ಟನ್ನೂ ತಾನೇ ಹೊತ್ತು ಲಾರಿಗೆ ಹಾಕಿದ್ದಳು. ಅವತ್ತಿನಿಂದ ಅವಳಿಗೆ ತುತ್ತು ಗಂಟಲಿಗೆ ಇಳಿದಿರಲಿಲ್ಲ.

"ಇವನ್ನ ಯಾರೂ ಓದಲ್ವಂತಲ್ಲ ಅಕ್ಕ?" ಎಂದು ಹುಡುಗಿ ಕೇಳಿದಳು.

"ಯಾರು ತಾಯಿ ಹಾಗಂದಿದ್ದು?"

ಅಕ್ಕ ಕೈಯಲ್ಲಿದ್ದ ಬಟ್ಟೆ ಕೊಡವಿ ಹೇಳುತ್ತ ಹೋದಳು. ಎದುರಿನ ಹೊಲಿಗೆ ಕಾರ್ಖಾನೆಯ ಹೆಂಗಸರಿಗೆ ಊಟಕ್ಕೆ ಅರ್ಧ ಗಂಟೆ ಬಿಡುವು. ಹತ್ತು ನಿಮಿಷದಲ್ಲಿ ಉಂಡು ಉಳಿದ ಇಪ್ಪತ್ತು ನಿಮಿಷ ಇಲ್ಲಿಗೆ ಓಡಿ ಬರುತ್ತಾರೆ. ಕಾರ್ಡು ಮಾಡಿಸಲು ಮನೆ ವಿಳಾಸದ ದಾಖಲೆ ಬೇಕು. ಒಂದು ಕೋಣೆಯಲ್ಲಿ ಎಂಟೆಂಟು ಜನ ಮಲಗುವವರಿಗೆ ಅದನ್ನು ಕೊಡುವವರು ಯಾರು? ಕಾರ್ಡಿಲ್ಲದವರಿಗೆ ಪುಸ್ತಕ ಹೊರಗೆ ಕೊಡುವುದಿಲ್ಲ. ಹಾಗಾಗಿ ಕೂತಲ್ಲೇ ಓದುತ್ತಾರೆ, ಕೂರಲು ಜಾಗ ಸಿಗದವರು ನಿಂತಲ್ಲೇ. ಯಂತ್ರಕ್ಕೆ ಎರಡು ಬೆರಳು ಕಳೆದುಕೊಂಡವಳೊಬ್ಬಳು ಪರಿಹಾರದ ಕಾನೂನಿನ ದಪ್ಪ ಪುಸ್ತಕದಿಂದ ದಿನಕ್ಕಿಷ್ಟು ಸಾಲು ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ಅರ್ಜಿ ಅರ್ಧಕ್ಕೆ ಬಂದಿತ್ತು. ಆ ಪುಸ್ತಕವೂ ಸೋಮವಾರವೇ ಹೋಯಿತು.

ಸಾಫ್ಟ್‌ವೇರ್ ಬಂದ ನಾಲ್ಕು ವರ್ಷದಲ್ಲಿ ಈ ಕೋಣೆಯಿಂದ ಒಂದೇ ಒಂದು ಓದೂ ದಾಖಲಾಗಿಲ್ಲವಲ್ಲ ಎಂದು ಹುಡುಗಿ ತೊದಲಿದಳು. ಆಮೇಲೆ ಚೊಕ್ಕವಾಗಿದ್ದ ಮೇಜುಗಳನ್ನು ನೋಡಿದಳು.

"ಇಲ್ಲೇ ಓದಿದ ಪುಸ್ತಕ ಮೇಜಿನ ಮೇಲೇ ಬಿಡ್ಬೇಕು ಅಕ್ಕ. ಸಂಜೆ ಅವನ್ನ ಸ್ಕ್ಯಾನ್ ಮಾಡಿ, ಆಮೇಲೆ ಒಳಗಿಡೋದು. ಓದಿದ್ದು ಲೆಕ್ಕಕ್ಕೆ ಬರೋದೇ ಹಾಗೆ. ನಿಮಗೆ ಹೇಳಿಕೊಡ್ಲಿಲ್ವಾ?"

ಹೇಳಿಕೊಟ್ಟಿದ್ದರು, ಮೇಲಿನವರಿಗೆ. ಆ ತರಬೇತಿಯ ದಿನ ಅಕ್ಕ ಕುರ್ಚಿ ಜೋಡಿಸಿ, ಕುಡಿಯುವ ನೀರಿಟ್ಟು, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದಿದ್ದಳು.

ಮೇಜಿನ ಮೇಲೆ ಪುಸ್ತಕ ಬಿಟ್ಟು ಹೋದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ತಗೊಂಡಲ್ಲೇ ಇಡ್ರಮ್ಮ, ಇದೇನು ನಿಮ್ಮ ಅತ್ತೆ ಮನೆಯಾ ಎಂದು ಗದರಿ ಗದರಿ ಆ ಹೆಂಗಸರಿಗೆ ಕಲಿಸಿದ್ದಳು. ಪಾಪ, ಅವರೂ ಕಲಿತುಬಿಟ್ಟರು. ಅಪ್ಪಿತಪ್ಪಿ ಉಳಿದದ್ದನ್ನು ಅವರು ಹೊಸ್ತಿಲು ದಾಟುವ ಮೊದಲೇ ತಾನು ಎತ್ತಿಡುತ್ತಿದ್ದಳು. ಓದಿದವರ ಗುರುತನ್ನೆಲ್ಲ ಕೈಯಾರೆ ಅಳಿಸಿದವಳು ತಾನೇ.

"ಕೆಂಪು ಅಂದ್ರೆ ಬಂದು ನೋಡಿ ಅಂತ ಅಕ್ಕ," ಎಂದಳು ಹುಡುಗಿ. "ಎಸೆದುಬಿಡಿ ಅಂತಲ್ಲ."

"ನೀನು ಬಂದು ನೋಡಿದ್ದು ಯಾವತ್ತು ತಾಯಿ? ಇವತ್ತೇ ಅಲ್ವಾ?"

ಹುಡುಗಿ ಮೆಟ್ಟಿಲು ಹತ್ತಿ ಓಡಿದಳು. ಒಂದು ತಿಂಗಳು ತಡೆಯಿರೆಂದು ಮುಖ್ಯಸ್ಥರ ಮುಂದೆ ಗೋಗರೆದಳಂತೆ. ರದ್ದಿ ಪುಸ್ತಕಗಳ ಪಟ್ಟಿ ಮೇಲಧಿಕಾರಿಗಳಿಗೆ ಹೋಗಿಯಾಗಿದೆ, ಕಾರ್ಡಿಲ್ಲದವರು ಸದಸ್ಯರಲ್ಲ, ಸದಸ್ಯರಲ್ಲದವರು ಓದಿದರೆಷ್ಟು ಬಿಟ್ಟರೆಷ್ಟು ಎಂದರಂತೆ ಅವರು. ನಿನ್ನೆಯವರೆಗೆ ನಿನಗೇ ಇರದ ಅನುಮಾನ ಇವತ್ತೇಕೆ ಎಂದೂ ಕೇಳಿದರಂತೆ.

ಒಂದು ಗಂಟೆಗೆ ಹೆಂಗಸರು ಬಂದರು. ಓದಿದ್ದನ್ನು ಎತ್ತಿಡಬೇಡಿ, ಮೇಜಿನ ಮೇಲೇ ಬಿಟ್ಟು ಹೋಗಿ ಎಂದು ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು. ಅಕ್ಕನಿಗೆ ಜ್ವರ ನೆತ್ತಿಗೇರಿದೆ ಎಂದು ಒಬ್ಬಳು ನಕ್ಕಳು. ಬೆರಳಿಲ್ಲದವಳು ಮಾತ್ರ ನಗಲಿಲ್ಲ. ಮೂರು ದಿನ ಬಿಡುವು ಸಿಗದೆ ಅವತ್ತೇ ಬಂದಿದ್ದ ಅವಳು ಖಾಲಿ ಕಪಾಟಿನ ಮುಂದೆ ನಿಂತು, ಪುಸ್ತಕವಿದ್ದ ಜಾಗವನ್ನು ಅಂಗೈಯಿಂದ ಸವರಿ ನೋಡಿದಳು.

"ಯಾರು ತಗೊಂಡು ಹೋದ್ರು ಅಕ್ಕ?"

"ನಾನೇ ಹೊತ್ತು ಹಾಕಿದೆ," ಎಂದಳು ಅಕ್ಕ.

ಎರಡು ಗಂಟೆಗೆ ಲಾರಿಯ ಹಾರ್ನ್ ಕೇಳಿಸಿತು. ಕೆಳಗಿಳಿದು ಬಂದ ಮುಖ್ಯಸ್ಥರು ಬಾಗಿಲಲ್ಲೇ ನಿಂತರು. ಮೂರೂ ಮೇಜಿನ ತುಂಬ ಪುಸ್ತಕಗಳು: ಬೋರಲಾಗಿ ಬಿದ್ದವು, ತೆರೆದೇ ಇದ್ದವು, ಒಂದರ ಮೇಲೊಂದು ಒರಗಿದವು. ನಡುವೆ ಹೊಲಿಗೆ ದಾರದ ತುಣುಕುಗಳು.

"ಏನಮ್ಮ ಇದು ಗಲೀಜು? ಎಲ್ಲ ಎತ್ತಿ ಲಾರಿಗೆ ಹಾಕು."

ಅಕ್ಕ ಕದಲಲಿಲ್ಲ. ಮುಖ್ಯಸ್ಥರು ದನಿ ತಗ್ಗಿಸಿದರು. "ಹತ್ತೊಂಬತ್ತು ವರ್ಷದಲ್ಲಿ ನಿನ್ನ ಮೇಜಿನ ಮೇಲೆ ಒಂದು ಪುಸ್ತಕ ಬಿದ್ದಿದ್ದು ನಾನು ಕಂಡಿಲ್ಲ."

"ಅದಕ್ಕೇ ನಿಮಗೆ ಯಾರೂ ಕಾಣ್ಲಿಲ್ಲ ಸಾರ್," ಎಂದಳು ಅಕ್ಕ. "ಇವನ್ನ ನಾನು ಎತ್ತಲ್ಲ."