ಆಷಾಢದ ಒರಳು

ಮಳೆ ಕಚೇರಿಯ ಸಂಗನಗೌಡ ನೀಲಗಂಗವ್ವನ ಹಿತ್ತಲಿಗೆ ಬಂದು ಹೆಬ್ಬೆಟ್ಟಿನ ಯಂತ್ರ ಚಾಚಿದ. "ದೊಡ್ಡವ್ವ, ಈ ಆಷಾಢದಾಗ ವಾಡಿಕಿಯಷ್ಟ ಮಳಿ ಬಿಟ್ಟೇವಿ. ಹೆಬ್ಬೆಟ್ಟು ಒತ್ರಿ."

ಕಚೇರಿಯವರು ಮಳೆ ಕಡಿಮೆ ಬಿಟ್ಟಾಗೆಲ್ಲ ಹಿಂದಿನ ವರ್ಷಗಳ ಮಳೆಯ ಲೆಕ್ಕವನ್ನೂ ಯಂತ್ರದಲ್ಲಿ ಇಳಿಸಿ, ಬಿಟ್ಟಷ್ಟೇ ವಾಡಿಕೆ ಎಂದುಬಿಡುತ್ತಿದ್ದರು. ಹೆಬ್ಬೆಟ್ಟು ಒತ್ತಿ ಅದನ್ನು ಒಪ್ಪಿದರೆ ಓಣಿಯ ಬಾವಿಗೆ ಬರಬೇಕಾದ ಬಾಕಿ ಮಳೆ ಮತ್ತೆ ಬರುವುದಿಲ್ಲ.

ನೀಲಗಂಗವ್ವ ಬಯಲಲ್ಲಿದ್ದ ಕಲ್ಲೊರಳು ತೋರಿಸಿದಳು. "ವಾಡಿಕಿ? ಇದರ ತಳ ಸುದ್ದಾ ನೆನೆದಿಲ್ಲ!"

ಆ ಹಿತ್ತಲಿನಲ್ಲಿ ಒರಳೇ ಮಳೆಯ ಅಳತೆ. ಪ್ರತಿ ಆಷಾಢದ ಮಳೆಯನ್ನು ಓಣಿಯ ಹೆಂಗಸರು ಕುಟ್ಟುತ್ತ ಒಂದು ತ್ರಿಪದಿ ಮಾಡಿ ಇಡುತ್ತಿದ್ದರು. ನೀಲಗಂಗವ್ವ ಹಳೆಯದೊಂದನ್ನು ಎತ್ತಿದಳು:

"ಒರಳು ತುಂಬೈತೆವ್ವ, ಇರುಳೆಲ್ಲ ಸುರದೈತಿ
ಕರು ಕಟ್ಟು ಗೂಟ ಮುಳಗೈತಿ, ಮಳಿರಾಯ..."

"ಸೆರಗ ಹಿಂಡಾಕ ಬಿಡವಲ್ಲ," ಎಂದು ಸಂಗನಗೌಡನ ಬಾಯಿಂದ ತಾನಾಗಿಯೇ ಬಂತು.

"ಅದು ನಿಮ್ಮವ್ವ ಕಟ್ಟಿದ ಸಾಲು! ನನ್ನ ಜೋಡಿ ಇಲ್ಲೇ ನಿಂತು ಕುಟ್ಟಿದಾಕಿ. ಆಕಿ ಬಾಯಾಗಿನ ಮಳಿನೂ ಇಳಸ್ತೀಯೇನೋ, ಭಾಡ್ಯಾ?"

ಅವನು ತಲೆ ತಗ್ಗಿಸಿದ. ಚಾಚಿದ ಕೈ ಮಾತ್ರ ಹಾಗೇ ಇತ್ತು. "ನೌಕರಿ ದೊಡ್ಡವ್ವ. ಒತ್ತಿಬಿಡ್ರಿ."

ನೀಲಗಂಗವ್ವ ಯಂತ್ರ ಇಸಿದುಕೊಂಡು ಒರಳಿಗೆ ಹಾಕಿದಳು. ಒನಕೆ ಎತ್ತಿದಳು.

ಸಂಗನಗೌಡ ತಡೆಯಲಿಲ್ಲ.